ಹೊಡೆಯದೆ ಉಳಿದ ಮೊಳೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಹುಲ್ಲುಬಯಲು. ಬಯಲಿನ ತುದಿಗೆ ತಗಡಿನ ದೊಡ್ಡ ಷೆಡ್ಡು. ಅದನ್ನು ಆಶ್ರಮ ಎನ್ನೋಣವೆಂದರೆ ಊದಿನಕಡ್ಡಿಯ ಬದಲು ಪೆಟ್ರೋಲಿನ ವಾಸನೆ. ಅಲ್ಲ ಎನ್ನೋಣವೆಂದರೆ ಒಳಗೆ ಒಬ್ಬರು ಗುರುಗಳಿದ್ದರು, ಅವರಿಗೆ ಒಬ್ಬಳು ಶಿಷ್ಯೆಯೂ ಇದ್ದಳು.

ಗುರುಗಳ ಹೆಸರು ಮಂದಣ್ಣ. ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು, ಯುದ್ಧ ಕಂಡವರು. ನಿವೃತ್ತರಾದ ಮೇಲೆ, ಗುಜರಿಗೆ ಹೋಗಬೇಕಿದ್ದ ಹಳೆಯ ಯುದ್ಧವಿಮಾನಗಳನ್ನು ಒಂದೊಂದಾಗಿ ತಂದು, ರಿಪೇರಿ ಮಾಡಿ, ಮತ್ತೆ ಹಾರುವಂತೆ ಮಾಡುತ್ತಿದ್ದರು. ಅದೇ ಅವರ ಪೂಜೆ, ಅದೇ ಅವರ ಹುಚ್ಚು.

ಶಿಷ್ಯೆಯ ಹೆಸರು ಶರ್ವಾಣಿ. ವಿಮಾನ ಹಾರಿಸುವ ಲೈಸೆನ್ಸು ಪಡೆದವಳು. ಹೊಸ ವಿಮಾನಗಳಲ್ಲಿ ಜೀವವಿಲ್ಲ ಎನ್ನುತ್ತ ಹಳೆಯದನ್ನು ಹುಡುಕಿಕೊಂಡು ಇಲ್ಲಿಗೆ ಬಂದವಳು. ಮೊದಮೊದಲು ತಮಾಷೆಗೆ ‘ಗುರುಗಳೇ’ ಎಂದಳು. ಆಮೇಲೆ ಬೇರೆ ಏನೆಂದೂ ಕರೆಯಲು ಬಾಯಿ ಬರಲಿಲ್ಲ.

ಪ್ರತಿ ವರ್ಷ ಚಳಿಗಾಲದ ಒಂದು ಭಾನುವಾರ ಆ ಬಯಲಿನಲ್ಲಿ ಹಳೆಯ ವಿಮಾನಗಳ ಪ್ರದರ್ಶನ ನಡೆಯುತ್ತಿತ್ತು. ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಕ್ಯಾಮೆರಾ ಹೊತ್ತವರು, ಬುತ್ತಿ ಕಟ್ಟಿಕೊಂಡವರು, ಎಂಜಿನ್ನಿನ ಸದ್ದು ಕೇಳಿಯೇ ವಿಮಾನದ ಜಾತಕ ಹೇಳುವ ಪುಣ್ಯಾತ್ಮರು. ಒಂದು ಕಾಲದಲ್ಲಿ ಆ ವಿಮಾನಗಳನ್ನು ಹಾರಿಸಿದ್ದ ಮುದುಕರೂ ಬರುತ್ತಿದ್ದರು. ಅವರು ಬಂದರೆ ಜನ ವಿಮಾನ ಬಿಟ್ಟು ಅವರ ಸುತ್ತ ಸೇರುತ್ತಿದ್ದರು. ಸೇರಬೇಕಾದ್ದೇ ಅನ್ನಿ.

ಆ ಬಯಲಿಗೆ ಒಂದು ರೂಢಿಯಿತ್ತು. ಹಳೆಯ ವಿಮಾನವೊಂದು ಮೊದಲ ಸಲ ಜನರೆದುರು ಹಾರಬೇಕಾದರೆ, ಯುದ್ಧದಲ್ಲಿ ಅದನ್ನು ಹಾರಿಸಿದವರು ಬಂದು ಅದರ ಮೈಮೇಲೆ ಕೈಯಿಟ್ಟು ‘ಹೋಗಿ ಬಾ’ ಅನ್ನಬೇಕು. ಅನ್ನದಿದ್ದರೆ ಮಂದಣ್ಣನವರು ಆ ದಿನ ಎಂಜಿನ್ ಚಾಲೂ ಮಾಡಲು ಬಿಡುತ್ತಿರಲಿಲ್ಲ. ಯಾರು ಬಂದು ಕೇಳಿಕೊಂಡರೂ ಅಷ್ಟೆ.

ಆ ವರ್ಷ ಹಾರಬೇಕಾಗಿದ್ದುದು ಎರಡು ಸೀಟಿನ ಪುಟ್ಟ ವಿಮಾನ, ಮೂತಿಗೆ ಒಂದೇ ಪ್ರೊಪೆಲ್ಲರು. ಯುದ್ಧದಲ್ಲಿ ಅದು ಶತ್ರು ಎಲ್ಲಿದ್ದಾನೆಂದು ನೋಡಿ ಬರಲು ಮರಗಳ ನೆತ್ತಿ ಸವರಿಕೊಂಡು ಹಾರುತ್ತಿತ್ತಂತೆ. ಅದರ ಮೈತುಂಬ ತಗ್ಗು, ಗೀರು, ತೇಪೆ. ಶರ್ವಾಣಿಗೆ ಅದರ ಮೇಲೆ ಪ್ರಾಣ. ಗುರುಗಳನ್ನು ಹಿಂದೆ ಕೂರಿಸಿಕೊಂಡು ಅದನ್ನು ಎಷ್ಟೋ ಸಲ ಹಾರಿಸಿದ್ದಳು. ಒಬ್ಬಳೇ ಒಮ್ಮೆಯೂ ಇಲ್ಲ.

“ಗುರುಗಳೇ, ಈ ಸಲದ ಪ್ರದರ್ಶನದಲ್ಲಿ ನಾನೇ ಹಾರಿಸ್ತೀನಿ. ಒಬ್ಬಳೇ” ಎಂದಳು.

“ಅದರ ಗುರುತು ಹಿಡಿದಿದ್ದೀಯಾ?”

ಇದೇನು ಕೇಳುವ ಮಾತೇ ಎಂದುಕೊಂಡು ಶರ್ವಾಣಿ ಒಂದೇ ಉಸಿರಿಗೆ ಒಪ್ಪಿಸಿದಳು. ಅದರ ನಂಬರು, ತೂಕ, ರೆಕ್ಕೆಯ ಉದ್ದ, ಎಂಜಿನ್ನಿನ ಶಕ್ತಿ, ಯಾವ ಕಾರ್ಖಾನೆ, ಯಾವ ವರ್ಷ.

ಗುರುಗಳು ಪೂರ್ತಿ ಕೇಳಿದರು. ಆಮೇಲೆ ಗೋಡೆಯ ಗೂಟದಿಂದ ಒಂದು ಹತ್ತಿಬಟ್ಟೆ ತೆಗೆದು ಅವಳ ಕೈಗೆ ಕೊಟ್ಟರು.

“ದಿನಾ ಒರೆಸು.”

“ಪಾಲಿಶ್ ಹಾಕಿ ಒರೆಸಲಾ?”

“ಬರೀ ಬಟ್ಟೆ, ಬರೀ ಕೈ.”

ಒರೆಸಿದಳು. ಮೂತಿಯಿಂದ ಬಾಲದವರೆಗೆ, ದಿನವೂ. ವಿಮಾನವೇನೂ ಹೊಳೆಯಲಿಲ್ಲ, ಇವಳ ತೋಳು ಮಾತ್ರ ಬಿದ್ದುಹೋಯಿತು. ಜಿಪುಣತನಕ್ಕೂ ಒಂದು ಮಿತಿ ಬೇಡವೇ ಎಂದು ಒಳಗೊಳಗೇ ಗೊಣಗಿಕೊಂಡಳು.

ಒಂದು ದಿನ ಅಭ್ಯಾಸ ಮುಗಿಸಿ ಇಳಿದವಳು ಹೇಳಿದಳು, “ಗುರುಗಳೇ, ಹಾರುವಾಗ ಹಿಂದಿನಿಂದ ಒಂದು ಸಿಳ್ಳೆ ಬರುತ್ತೆ. ಹಿಂದಿನ ಸೀಟಿನ ಕೆಳಗಿರೋ ಆ ಸೊಟ್ಟ ತೇಪೆ ಇದೆಯಲ್ಲ, ಅದರಲ್ಲಿ ಒಂದು ಮೊಳೆ ಇಲ್ಲ. ಗಾಳಿ ಅಲ್ಲಿಂದಲೇ ನುಗ್ಗುತ್ತೆ. ಮುಚ್ಚಬೇಕು.”

“ಮುಚ್ಚಬೇಕಾ?”

“ಹೌದು. ಕೇಳೋಕೆ ಹಿಂಸೆ.”

ಗುರುಗಳು ಗೂಟದಿಂದ ಬಟ್ಟೆ ತೆಗೆದು ಮತ್ತೆ ಅವಳ ಕೈಗೆ ಕೊಟ್ಟರು.

“ಒರೆಸು” ಎಂದರು.

ಪ್ರದರ್ಶನ ಹತ್ತಿರ ಬಂತು. ಈ ವಿಮಾನವನ್ನು ಯುದ್ಧದಲ್ಲಿ ಹಾರಿಸಿದ್ದವರು ಗೋವಿಂದರಾವ್ ಕುಲಗೋಡ ಎಂಬ ಹಿರಿಯರು, ಒಂದು ಕಾಲದಲ್ಲಿ ಮಂದಣ್ಣನವರ ಮೇಲಧಿಕಾರಿ. ಈಗ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದರು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಅವರೇ ಬಂದು ಕೈಯಿಟ್ಟು ಹರಸಬೇಕಿತ್ತು. ಅವರನ್ನು ಕರೆತರಲು ಗುರುಗಳು ಹಿಂದಿನ ದಿನವೇ ಧಾರವಾಡಕ್ಕೆ ಹೊರಟರು.

ಗುರುಗಳ ಬಸ್ಸು ಮರೆಯಾಗುವುದನ್ನೇ ಕಾಯುತ್ತಿದ್ದವನಂತೆ ಫಣೀಂದ್ರ ಬಂದ. ಹಳೆಯ ವಿಮಾನ ಎಲ್ಲಿ ಹಾರಿದರೂ ರಜೆ ಹಾಕಿ ಹೋಗುವ ಗೆಳೆಯರ ಬಳಗವೊಂದಿತ್ತು, ಅದಕ್ಕೆ ಇವನೇ ಮುಂದಾಳು. ಒಳ್ಳೆಯ ಮನುಷ್ಯ. ವಿಮಾನ ಕಂಡರೆ ಹಸಿವು ನಿದ್ದೆ ಮರೆಯುವ ಪೈಕಿ.

“ಅಂಥಾ ದೊಡ್ಡ ಮನುಷ್ಯರು ಬರ್ತಿದ್ದಾರೆ. ಅವರ ವಿಮಾನ ಈ ಅವತಾರದಲ್ಲಿ ಇರಬೇಕಾ ಶರ್ವಾಣಿ?” ಎಂದ.

ಅವಳಿಗೂ ಅದೇ ಸಂಕಟ. ಗ್ಯಾರೇಜಿನಲ್ಲಿ ಕಾರಿನ ತಗ್ಗು ತುಂಬುವ ಪುಟ್ಟಿ ತಂದರು. ತಗ್ಗು ತುಂಬಿದರು, ಗೀರು ಮುಚ್ಚಿದರು, ಆ ಸೊಟ್ಟ ತೇಪೆಯ ಮೇಲೂ ಬಳಿದು ಉಜ್ಜಿ ನುಣುಪು ಮಾಡಿದರು. ಮೇಲೆ ಬಣ್ಣ ಹೊಡೆದರು. ಸಂಜೆಯ ಹೊತ್ತಿಗೆ ವಿಮಾನ ಮದುಮಗಳ ಹಾಗೆ ನಿಂತಿತ್ತು. ಶರ್ವಾಣಿ ದೂರ ನಿಂತು, ಹತ್ತಿರ ಬಂದು, ಮತ್ತೆ ಮತ್ತೆ ನೋಡಿದಳು.

ಮರುದಿನ ಬೆಳಿಗ್ಗೆ ಗುರುಗಳು ಕುಲಗೋಡರನ್ನು ಕರೆದುಕೊಂಡು ಬಂದರು. ಬಯಲಿನ ತುಂಬ ಜನ. ಗುರುಗಳು ವಿಮಾನವನ್ನು ಒಂದು ಸುತ್ತು ಬಂದು ನೋಡಿದರು. ಗೂಟದಲ್ಲಿ ತೂಗುತ್ತಿದ್ದ ಒರೆಸುವ ಬಟ್ಟೆಯನ್ನು ತೆಗೆದು, ಮಡಚಿ, ಜೇಬಿಗೆ ಹಾಕಿಕೊಂಡರು.

“ಯಾಕೆ ಗುರುಗಳೇ?”

“ಇನ್ನು ಇದಕ್ಕೆ ಕೆಲಸವಿಲ್ಲವಲ್ಲ.”

ಮೆಚ್ಚಿಕೊಂಡೇ ಅಂದರೋ ಏನೋ ಎಂದು ಶರ್ವಾಣಿ ಸುಮ್ಮನಾದಳು.

ಅಷ್ಟರಲ್ಲಿ ಜನ ಕುಲಗೋಡರನ್ನು ಮುತ್ತಿಕೊಂಡಿದ್ದರು. ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು, ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳುವವರು. ಅವರು ಒಬ್ಬೊಬ್ಬರನ್ನೂ ಯಾವ ಊರು, ನಾಷ್ಟಾ ಆತೇನು ಎಂದು ಕೇಳುತ್ತಿದ್ದರು.

“ಸರ್, ಯುದ್ಧದಲ್ಲಿ ಎಷ್ಟು ವಿಮಾನ ಹೊಡೆದು ಉರುಳಿಸಿದ್ರಿ?” ಎಂದು ಫಣೀಂದ್ರ ಕೇಳಿದ.

“ಒಂದೂ ಇಲ್ಲ ತಮ್ಮಾ. ನೋಡೋದು, ನೋಡಿ ಬಂದು ಹೇಳೋದು, ಇಷ್ಟ ನನ್ನ ಕೆಲಸ ಇತ್ತು. ಈಗ ನೋಡೋದು ಹೋತು. ಬರೇ ಹೇಳೋದು ಉಳದದ.”

ಜನ ನಕ್ಕರು. ಶರ್ವಾಣಿಗೆ ಅವರ ಮೇಲೆ ಅಕ್ಕರೆ ಉಕ್ಕಿ ಬಂತು. ಗುಂಡಿನ ಮಳೆಯ ನಡುವೆ ಹಾರಿ ಬಂದವರ ಮಾತಿನಲ್ಲಿ ಜಂಬ ಎಳ್ಳಷ್ಟೂ ಇರಲಿಲ್ಲ.

“ಹಾರಿಸೋ ಹುಡುಗಿ ಎಲ್ಲಿದ್ದಾಳ?” ಎಂದರು ಅವರು.

“ಇಲ್ಲೇ ಇದ್ದೀನಿ ಸರ್.”

“ನನ್ನ ಕೈ ಹಿಡಕೊಂಡು ವಿಮಾನದ ಹತ್ರ ಕರಕೊಂಡು ಹೋಗ್ತೀಯೇನು ತಂಗಿ?”

ಕರೆದುಕೊಂಡು ಹೋದಳು. ಕುಲಗೋಡರು ಅಂಗೈಯನ್ನು ವಿಮಾನದ ಪಕ್ಕೆಗೆ ಒತ್ತಿ ನಿಧಾನಕ್ಕೆ ನಡೆದರು. ರೆಕ್ಕೆ ದಾಟಿದರು, ಹಿಂದಿನ ಸೀಟಿನ ಕೆಳಗೆ ಬಂದು ನಿಂತರು. ಬೆರಳುಗಳು ಅಲ್ಲೇ ಹೋದವು, ಬಂದವು, ಮತ್ತೆ ಹೋದವು.

“ಭಾಳ ನುಣ್ಣಗದ” ಎಂದರು.

“ನಿನ್ನೆಯಷ್ಟೇ ಬಣ್ಣ ಹೊಡೆದ್ವಿ ಸರ್. ನಿಮಗೋಸ್ಕರ.”

“ಛಂದ ಅದ ತಂಗಿ. ಆದ್ರ ಇದು ನಂದಲ್ಲ.”

“ನಿಮ್ಮದೇ ಸರ್. ನಂಬರ್ ನೋಡಿದ್ದೀನಿ. ಕಾಗದಪತ್ರ ಎಲ್ಲಾ ಇದೆ.”

“ನಂಬರ್ ನನಗೇನು ಗೊತ್ತು? ನಮ್ಮ ಮನ್ಯಾಗಿನ ಆಕಳಿಗೆ ನಂಬರ್ ಹಾಕಿದ್ವೇನು?” ಎಂದವರು ಗುರುಗಳಿದ್ದ ಕಡೆ ಮುಖ ತಿರುಗಿಸಿದರು. “ಮಂದಣ್ಣಾ, ನಿನಗ ಯಾರೋ ಬ್ಯಾರೆ ವಿಮಾನ ಕೊಟ್ಟಾರ. ಇರಲಿ, ಬ್ಯಾಸರ ಮಾಡ್ಕೋಬ್ಯಾಡ.”

ಗುರುಗಳು ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದರು.

ಮೈಕಿನಲ್ಲಿ ಶರ್ವಾಣಿಯ ಹೆಸರು ಕೂಗಿದರು. ಮುಂದಿನ ಹಾರಾಟ ಅವಳದೇ. ಜನ ಚಪ್ಪಾಳೆ ತಟ್ಟಿದರು. ಫಣೀಂದ್ರ ಅವಳ ಕಿವಿಯ ಹತ್ತಿರ ಬಂದ.

“ಮರೆತಿದ್ದೀರಿ ಸರ್ ಅಂದುಬಿಡು. ಈ ವಯಸ್ಸಿನವರು ಹಾಗಂದ್ರೆ ಒಪ್ಕೋತಾರೆ.”

ಅವಳು ಅನ್ನುವ ಅಗತ್ಯವೂ ಬೀಳಲಿಲ್ಲ. ಕುಲಗೋಡರು ತಾವೇ ತಲೆ ಅಲ್ಲಾಡಿಸಿದರು.

“ನನಗ ಮರತಿರಬೇಕು ತಂಗಿ. ಕಣ್ಣು ಹೋತು, ಇನ್ನ ನೆನಪೂ ಹೊಂಟದ ಕಾಣ್ತದ. ಅದರ ಸಲುವಾಗಿ ನಿನ್ನ ಆಸೆ ಯಾಕ ಮುರೀಲಿ? ಬಾ, ಆ ಮಾತು ಅಂದುಬಿಡ್ತೀನಿ.”

ಅಂಗೈಯನ್ನು ಮತ್ತೆ ವಿಮಾನದ ಮೇಲಿಟ್ಟರು.

ಶರ್ವಾಣಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ವರ್ಷಗಟ್ಟಲೆ ಕಾದ ಹಾರಾಟ ಇನ್ನೊಂದು ಮಾತಿನಷ್ಟು ದೂರವಿತ್ತು. ಆದರೆ ಇಲ್ಲದ ಮರೆವನ್ನು ತಮ್ಮ ತಲೆಗೆ ಕಟ್ಟಿಕೊಂಡು ನಿಂತಿದ್ದ ಆ ಹಿರಿಯರ ಮುಖ ನೋಡಿ ಅವಳು ಸುಮ್ಮನಿರಲಾರದೆ ಹೋದಳು.

“ಬೇಡಿ ಸರ್, ಹೇಳಬೇಡಿ” ಎಂದಳು. “ನಿಮಗೇನೂ ಮರೆತಿಲ್ಲ. ಅಲ್ಲೊಂದು ತೇಪೆ ಇತ್ತು. ಅದರಲ್ಲಿ ಒಂದು ಮೊಳೆ ಇರಲಿಲ್ಲ. ನಾನೇ ಪುಟ್ಟಿ ಹಚ್ಚಿ ಮುಚ್ಚಿದೆ.”

ಕುಲಗೋಡರು ಸಿಟ್ಟಾಗಬಹುದೆಂದು ಶರ್ವಾಣಿ ತಲೆ ತಗ್ಗಿಸಿದಳು. ಅವರು ಸಿಟ್ಟಾಗಲಿಲ್ಲ. ಎಳೆಮಗುವಿನ ಮುಖ ಮುಟ್ಟುವ ಹಾಗೆ ವಿಮಾನವನ್ನು ಎರಡೂ ಕೈಯಿಂದ ಮುಟ್ಟಿದರು.

“ಹಂಗಾದ್ರ ಒಳಗ ಅದಾನ?” ಎಂದರು.

ಯಾರ ಮಾತು ಆಡುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಗುರುಗಳ ಕಡೆ ತಿರುಗಿದಳು. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

“ಗುರುಗಳೇ, ನಿಮಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ?”

“ಆ ತೂತಿನ ಮೇಲೆ ದಿನಾ ನಿನ್ನ ಬೆರಳು ಹೋಗ್ತಿತ್ತು. ಮುಚ್ಚಬೇಕು ಅಂದೆ. ಯಾಕಿದೆ ಅಂತ ಒಂದು ದಿನವೂ ಕೇಳಲಿಲ್ಲ.”

ಗುರುಗಳು ಜೇಬಿನಿಂದ ಬಟ್ಟೆ ತೆಗೆದು ಅವಳ ಕೈಗೆ ಕೊಟ್ಟರು.

ಮೈಕಿನಲ್ಲಿ ಮತ್ತೆ ಹೆಸರು ಕೂಗಿದರು. ಶರ್ವಾಣಿ ಹೋಗಲಿಲ್ಲ. ಸ್ಕ್ರೂಡ್ರೈವರ್ ತಂದು ವಿಮಾನದ ಪಕ್ಕ ಮಂಡಿಯೂರಿ ಕೂತು, ನಿನ್ನೆ ಅಷ್ಟು ಪ್ರೀತಿಯಿಂದ ಹೊಡೆದ ಬಣ್ಣವನ್ನು ಕೆರೆಯತೊಡಗಿದಳು. ಫಣೀಂದ್ರ ಪೆಚ್ಚಾಗಿ ನಿಂತು ನೋಡಿದ. ಆಮೇಲೆ ಓಡಿಹೋಗಿ, ಈ ವಿಮಾನದ ಹಾರಾಟ ಈಗ ಇಲ್ಲವೆಂದು ಮೈಕಿನವನಿಗೆ ಹೇಳಿ, ಬರುವಾಗ ಒಂದು ಬಾಟಲಿ ಬಣ್ಣ ಕರಗಿಸುವ ಥಿನ್ನರ್ ಹಿಡಿದುಕೊಂಡು ಬಂದ. ಅವನೂ ಕೂತ.

ಪುಟ್ಟಿ ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಜಾರಿ ಜಾರಿ ತಗಡಿನ ಮೇಲೆ ಉದ್ದುದ್ದ ಗೀರು ಬಿದ್ದವು. ಮದುಮಗಳ ಸಿಂಗಾರ ಚಿಂದಿಯಾಯಿತು. ಬಂದವರು ಅಯ್ಯೋ ಪಾಪ ಎನ್ನುತ್ತ ನೋಡಿ ಹೋದರು.

ಕುಲಗೋಡರಿಗೆ ಒಂದು ಕುರ್ಚಿ ತಂದುಕೊಟ್ಟರು. ಅವರು ಅಲ್ಲೇ ಕೂತು, ಕೆರೆಯುವ ಸದ್ದಿನ ಕಡೆಗೆ ಕಿವಿಕೊಟ್ಟು, ಯಾರೂ ಕೇಳದಿದ್ದರೂ ಹೇಳತೊಡಗಿದರು.

“ಆ ದಿವಸ ಕೆಳಗಿಂದ ಗುಂಡು ಹೊಡದ್ರು. ಒಂದು ನನ್ನ ಬೆನ್ನ ಹಿಂದ ತೂರಿ ಹೋತು. ಹ್ಯಾಂಗೋ ಬಂದು ಇಳದೆ. ನೋಡಿದ್ರ ಅಂಗೈ ಅಗಲ ತೂತು.”

“ಆಮೇಲೆ ಸರ್?” ಎಂದಳು ಶರ್ವಾಣಿ, ಕೆರೆಯುತ್ತಲೇ.

“ಚಾಕೋ ಅಂತ ಒಬ್ಬಾಂವ ಇದ್ದ. ಕೇರಳದಾಂವ. ಈ ವಿಮಾನದ ಮೆಕ್ಯಾನಿಕ್. ಹಾರಸಾಂವ ನಾ ಇದ್ದೆ ಖರೆ, ವಿಮಾನ ಮಾತ್ರ ಅವಂದು. ನನಗ ಬರೇ ಎರವಲು ಕೊಡತಿದ್ದ. ಸ್ವಲ್ಪ ಗೀರು ಬಿದ್ರ ನನ್ನ ಜೋಡಿ ಮಾತು ಬಿಡತಿದ್ದ.”

ನೆನೆದು ನಕ್ಕರು. ಅದೇ ಹೊತ್ತಿಗೆ ಇನ್ನೊಂದು ಹಳೆಯ ವಿಮಾನ ಮೇಲೆ ಗುಡುಗಿಕೊಂಡು ಹೋಯಿತು. ಜನ ಹೋ ಎಂದರು. ಶರ್ವಾಣಿ ತಲೆ ಎತ್ತಲಿಲ್ಲ.

“ತಗಡು ಇರಲಿಲ್ಲ. ಬಿಸ್ಕೀಟಿನ ಡಬ್ಬಿ ಕತ್ತರಿಸಿ ತೇಪಿ ಹಾಕಿದ. ಸುತ್ತ ಮೊಳಿ ಹೊಡಕೋತ ಬಂದ. ಕಡೀಗೆ ಒಂದು ಮೊಳಿ ಕಮ್ಮಿ ಬಿತ್ತು. ಅಷ್ಟರಾಗ ನನಗ ಮತ್ತ ಹೋಗಂತ ಹುಕುಂ ಬಂತು. ಚಾಕೋ ತೇಪಿ ಮ್ಯಾಲ ಅಂಗೈ ಇಟ್ಟ. ಹೋಗಿ ಬಾ, ಬಂದ ಮ್ಯಾಲ ಆ ಒಂದು ಮೊಳಿ ಹೊಡೀತೀನಿ ಅಂದ. ನನಗಲ್ಲ ಮತ್ತ, ವಿಮಾನಕ್ಕ.”

ಶರ್ವಾಣಿಯ ಕೈ ನಿಂತಿತು. ಬಯಲಿನ ರೂಢಿ ಎಲ್ಲಿಂದ ಬಂದಿತ್ತೆಂದು ಅವಳಿಗೆ ಈಗ ಗೊತ್ತಾಯಿತು.

“ಕೈ ನಿಲ್ಲಸಬ್ಯಾಡ ತಂಗಿ.”

“ಬಂದ ಮೇಲೆ ಹೊಡೆದ್ರಾ ಸರ್?”

“ನಾ ಮ್ಯಾಲ ಇದ್ದಾಗ ಅಲ್ಲಿ ನಾವು ಇಳಿಯೋ ಬಯಲಿನ ಮ್ಯಾಲ ಬಾಂಬ್ ಹಾಕಿ ಹೋದ್ರು. ನಾ ಮ್ಯಾಲ ಇದ್ದೆ, ಉಳದೆ. ಅಂವ ಕೆಳಗ ಇದ್ದ.”

ಫಣೀಂದ್ರ ಥಿನ್ನರಿನ ಬಟ್ಟೆಯನ್ನು ಹಿಡಿದುಕೊಂಡು ಹಾಗೇ ಕೂತ. ಬೆಳಿಗ್ಗೆ ತಾನು ಕೇಳಿದ ಪ್ರಶ್ನೆ ನೆನಪಾಗಿ ಅವನಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

“ಮುಂದ ಬಂದವರು ಆ ಮೊಳಿ ಹೊಡೀತೀವಿ ಅಂದ್ರು. ನಾ ಹೊಡೀಗೊಡಲಿಲ್ಲ” ಎಂದರು ಕುಲಗೋಡರು. “ಹಾರುವಾಗ ಸಿಳ್ಳೆ ಹೊಡೀತಿತ್ತು ನೋಡು. ಒಬ್ಬನ ಇದ್ದೀನಿ ಅನಸ್ತಿರಲಿಲ್ಲ.”

ಹೊತ್ತು ಇಳಿಯಿತು. ಹಾರಬೇಕಾದ ವಿಮಾನಗಳೆಲ್ಲ ಹಾರಿ ಇಳಿದವು. ಜನ ಚಾಪೆ ಕೊಡವಿಕೊಂಡು ಹೊರಟರು. ಬಸ್ಸುಗಳು ಎಬ್ಬಿಸಿದ ಧೂಳು ಹೊಳೆಯ ಕಡೆಗೆ ಹೋಯಿತು. ಆಗ ಸ್ಕ್ರೂಡ್ರೈವರಿನ ತುದಿಗೆ ಪುಟ್ಟಿಯ ಕೊನೆಯ ಚೂರು ಎದ್ದು ಬಂತು.

ಶರ್ವಾಣಿ ಬಟ್ಟೆಯಿಂದ ತೇಪೆಯನ್ನು ಒರೆಸಿದಳು. ಇಷ್ಟು ದಿನ ಒರೆಸಿದ್ದೇ ಬೇರೆ, ಈಗ ಒರೆಸಿದ್ದೇ ಬೇರೆ. ಕುಲಗೋಡರ ಕೈಯನ್ನು ಹಿಡಿದು ಅದರ ಮೇಲೆ ಇಟ್ಟಳು.

ಹೆಬ್ಬೆರಳು ತಾನಾಗಿ ಸರಿದು ಮೊಳೆಯಿಲ್ಲದ ತೂತನ್ನು ಹುಡುಕಿಕೊಂಡಿತು.

“ಇಲ್ಲೇ ಇದ್ದೀ ಏನೋ” ಎಂದರು.

ಆಮೇಲೆ ಅತ್ತರು. ಮುಖ ಮರೆಸಿಕೊಳ್ಳಲಿಲ್ಲ. ಮಂದಣ್ಣನವರು ಪಕ್ಕದಲ್ಲಿ ಬಂದು ನಿಂತು, ತಮ್ಮ ಹಳೆಯ ಅಧಿಕಾರಿಯ ಹೆಗಲು ಹಿಡಿದುಕೊಂಡರು.

ಎಷ್ಟೋ ಹೊತ್ತಿನ ಮೇಲೆ ಕುಲಗೋಡರು ಕಣ್ಣೊರೆಸಿಕೊಂಡರು. ತೇಪೆಯ ಮೇಲೆ ಅಂಗೈಯನ್ನು ಬಿಗಿಯಾಗಿ ಒತ್ತಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

“ಹೋಗಿ ಬಾ.”

ಶರ್ವಾಣಿ ಗುರುಗಳನ್ನು ನೋಡಿದಳು. “ಈಗಲೇನಾ? ಜನ ಎಲ್ಲಾ ಹೊರಟುಹೋದರು ಗುರುಗಳೇ.”

“ಅವರು ಹೇಳಿದ್ದು ವಿಮಾನಕ್ಕೆ. ನೀನು ಬರೋದಾದ್ರೆ ಬಾ ಅಂತ ಅದು ಕಾಯ್ತಿದೆ.”

ಅವಳು ಹತ್ತಿ ಕೂತಳು. ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಒಂದೇ ಸಮನೆ ಮೊರೆಯಿತು. ಹುಲ್ಲು ಹಿಂದಕ್ಕೆ ಬಾಗಿತು. ಚಕ್ರ ನೆಲ ಬಿಟ್ಟದ್ದೇ ತಡ, ಬೆನ್ನ ಹಿಂದೆ ಸಿಳ್ಳೆ ಶುರುವಾಯಿತು. ಹಿಂಸೆ ಎಂದಿದ್ದಳಲ್ಲ, ಅದೇ ಸಿಳ್ಳೆ. ಖಾಲಿ ಸೀಟಿನ ಕಡೆಯಿಂದ ಅದು ಬರುತ್ತಲೇ ಇತ್ತು. ಹೊಳೆ ಕೆಳಗೆ ಕೆಂಪಗೆ ಹೊಳೆಯುತ್ತಿತ್ತು. ಶರ್ವಾಣಿ ಕಣ್ಣೀರನ್ನು ಒರೆಸಿಕೊಳ್ಳಲೂ ಇಲ್ಲ, ಎರಡೂ ಕೈಗೆ ಕೆಲಸವಿತ್ತು.

ಬಯಲಿನ ಮೇಲೆ ತಗ್ಗಾಗಿ ಹಾದುಹೋದಳು. ಕೆಳಗೆ ಇಬ್ಬರು ಮುದುಕರೂ ಫಣೀಂದ್ರನೂ ಮಾತ್ರ ಇದ್ದರು. ಫಣೀಂದ್ರ ಕ್ಯಾಮೆರಾ ಎತ್ತುವುದನ್ನು ಮರೆತು ನಿಂತಿದ್ದ. ಕುಲಗೋಡರ ಮುಖ ಸದ್ದಿನ ಜೊತೆಗೇ ತಿರುಗುತ್ತಿತ್ತು.

ಇಳಿದು ಬಂದಾಗ ಮೊದಲು ಮಾತಾಡಿದವರು ಅವರೇ.

“ಹೊಳಿ ಮ್ಯಾಲ ತಿರುಗುವಾಗ ಸ್ವಲ್ಪ ಅಂಜಿದಿ.”

“ಹೇಗೆ ಗೊತ್ತಾಯ್ತು ಸರ್?”

“ಎಂಜಿನ್ನು ಚಾಡಿ ಹೇಳ್ತು.”

ಎಲ್ಲರೂ ನಕ್ಕರು. ಫಣೀಂದ್ರ ಕುಲಗೋಡರ ಕೈ ಹಿಡಿದು ಚಹಾ ಕುಡಿಸಲು ಕರೆದುಕೊಂಡು ಹೋದ. ಈ ಸಲ ಅವನು ಚಾಕೋನ ಬಗ್ಗೆ ಕೇಳುತ್ತಿದ್ದುದು ದೂರದವರೆಗೂ ಕೇಳಿಸುತ್ತಿತ್ತು.

ಶರ್ವಾಣಿ ವಿಮಾನದ ಪಕ್ಕ ನಿಂತಳು. ತೇಪೆ ಚೆನ್ನಾಗಿ ಕಾಣುತ್ತಿತ್ತು. ಅದರ ಸುತ್ತ ಮಾತ್ರ ಅವಳ ಸ್ಕ್ರೂಡ್ರೈವರ್ ಎಳೆದ ಗೀರುಗಳು, ಬೆಕ್ಕು ಪರಚಿದ ಹಾಗೆ. ನೋಡಿ ನಾಚಿಕೆಯಾಯಿತು.

“ಗುರುಗಳೇ, ತೇಪೆ ಮುಟ್ಟೋದಿಲ್ಲ, ಆಣೆ ಮಾಡ್ತೀನಿ. ಆದರೆ ಈ ಗೀರುಗಳು ನನ್ನ ತಪ್ಪಿನವು. ಇವನ್ನಾದರೂ ನಾಳೆ ಸರಿ ಮಾಡಿಬಿಡ್ಲಾ?”

ಗುರುಗಳು ಹತ್ತಿರ ಬಂದರು. ಎಲ್ಲಕ್ಕಿಂತ ಆಳವಾದ ಗೀರನ್ನು ಹುಡುಕಿ, ಅವಳ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಇಟ್ಟು, ಮೆಲ್ಲಗೆ ಹೇಳಿದರು:

“ಬಿಡು. ನಿನ್ನ ಕಣ್ಣೂ ಒಂದು ದಿನ ಮಂಜಾಗುತ್ತೆ.”